ಯಾರ ಫೈಲಿನಲ್ಲಿ ಬರೆಯುತ್ತಿದ್ದೇವೆ? ಅಪ್‌ಗ್ರೇಡ್ ಆದಾಗ ಅಳಿಸಿಹೋಗುವ ಸ್ಟೈಲ್‌ಶೀಟ್ ಕುರಿತು

(ಶಿರಸಿಯಲ್ಲಿ, ಗ್ರಂಥಾಲಯಗಳ ಹಾಗೂ ಸಣ್ಣ ಸಂಸ್ಥೆಗಳ ಜಾಲತಾಣ ನೋಡಿಕೊಳ್ಳುವವರ ಎದುರು ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕುಮಟಾ, ಅಂಕೋಲಾ ಕಡೆಯಿಂದ ಈ ಮಳೆಯಲ್ಲಿ ದೇವಿಮನೆ ಘಟ್ಟ ಹತ್ತಿ ಬಂದವರೂ ಇಲ್ಲಿದ್ದೀರಿ, ಆದ್ದರಿಂದ ಪೀಠಿಕೆಗೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಜಾಲತಾಣವನ್ನು ನಡೆಸುವ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದಾಗ, ನಾವು ಕೈಯಾರೆ ತಿದ್ದಿಟ್ಟಿದ್ದ ಸ್ಟೈಲ್‌ಶೀಟ್ ಫೈಲು ಒಂದು ಮಾತನ್ನೂ ಕೇಳದೆ ಮೂಲ ರೂಪಕ್ಕೆ ಮರಳಿಬಿಡುತ್ತದೆ. ಅದು ಹಾಗೆ ಏಕೆ ಆಗುತ್ತದೆ, ಆಗದ ಹಾಗೆ ಕೆಲಸವನ್ನು ಹೇಗೆ ಜೋಡಿಸಿಕೊಳ್ಳಬಹುದು ಎಂಬಷ್ಟೇ ಇಂದಿನ ವಿಷಯ.

ಸ್ಟೈಲ್‌ಶೀಟ್ ಎಂದರೆ ಪುಟದಲ್ಲಿರುವ ಅಕ್ಷರದ ಗಾತ್ರ, ಬಣ್ಣ, ಸಾಲುಗಳ ನಡುವಿನ ಅಂತರ, ಅಂಚು ಮುಂತಾದವನ್ನು ನಿರ್ಧರಿಸುವ ನಿಯಮಗಳ ಫೈಲು. ಸಿಎಸ್ಎಸ್ ಎಂಬ ಹೆಸರಿನಿಂದ ಅದು ನಿಮಗೆಲ್ಲ ಪರಿಚಿತ. ಪುಟದಲ್ಲಿ ಏನಿದೆ ಎಂಬುದು ಒಂದು ಕಡೆ, ಅದು ಹೇಗೆ ಕಾಣಬೇಕು ಎಂಬುದು ಇನ್ನೊಂದು ಕಡೆ.

ನನಗೆ ಈ ವಿಷಯ ತಲೆಗೆ ಹತ್ತಿದ್ದು ಓದಿನಿಂದಲ್ಲ, ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ನಾನು ಒಂದು ಗ್ರಂಥಾಲಯದ ಪುಸ್ತಕಪಟ್ಟಿಯ ಜಾಲತಾಣವನ್ನು ನೋಡಿಕೊಳ್ಳುತ್ತಿದ್ದೆ. ಆಗ ಬಳಸುತ್ತಿದ್ದ ತಂತ್ರಾಂಶ ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ತಪ್ಪು ನನ್ನದೇ ಆಗಿತ್ತು. ಅದರ ವಿನ್ಯಾಸ ಇಂಗ್ಲಿಷ್ ಅಕ್ಷರಗಳಿಗೆ ಹೊಂದುವಂತೆ ಮಾಡಿದ್ದು: ಅಕ್ಷರದ ಗಾತ್ರ 14 ಪಿಕ್ಸೆಲ್, ಸಾಲಿನ ಎತ್ತರ 20 ಪಿಕ್ಸೆಲ್. ಕನ್ನಡದಲ್ಲಿ 'ಶಾಸ್ತ್ರ' ಎಂದು ಬರೆದರೆ ತಕಾರದ ಒತ್ತೂ ರಕಾರದ ಒತ್ತೂ ಸಾಲಿನ ತಳದಿಂದ ಕೆಳಕ್ಕೆ ಇಳಿಯುತ್ತವೆ. 'ಸ್ವಾತಂತ್ರ್ಯ' ಎಂದರೆ ಇನ್ನೂ ಹೆಚ್ಚು ಜಾಗ ಬೇಕು. ಪುಸ್ತಕದ ಹೆಸರು ಬರುವ ಪೆಟ್ಟಿಗೆಗೆ ಎತ್ತರ ನಿಗದಿಯಾಗಿತ್ತು, ಹೊರಚೆಲ್ಲಿದ ಭಾಗವನ್ನು ಮರೆಮಾಡಬೇಕು ಎಂಬ ನಿಯಮವೂ ಇತ್ತು. ಹೀಗಾಗಿ ಒತ್ತಕ್ಷರಗಳ ತಳಭಾಗ ಕತ್ತರಿಸಿ ಹೋಗಿ ಓದುವವರಿಗೆ ಹಿಂಸೆಯಾಗುತ್ತಿತ್ತು. ನಾನು ಸರ್ವರಿಗೆ ಲಾಗಿನ್ ಆಗಿ, ತಂತ್ರಾಂಶದ ಜೊತೆಗೇ ಬಂದಿದ್ದ ಮುಖ್ಯ ಸ್ಟೈಲ್‌ಶೀಟನ್ನು ತೆರೆದು, ಸಾಲಿನ ಎತ್ತರವನ್ನು ಅಕ್ಷರದ 1.8 ಪಟ್ಟು ಮಾಡಿ, ಪೆಟ್ಟಿಗೆಯ ನಿಗದಿತ ಎತ್ತರವನ್ನು ತೆಗೆದುಹಾಕಿ, ನೋಟೊ ಸಾನ್ಸ್ ಕನ್ನಡ ಫಾಂಟನ್ನು ಮೊದಲಿಗೆ ಸೇರಿಸಿದೆ. ಆಮೇಲೆ ಮುದ್ರಣಕ್ಕೆ ಬೇಕಾದ ನಾಲ್ಕು ಸಾಲು, ಮೊಬೈಲಿಗೆ ಬೇಕಾದ ಹತ್ತು ಸಾಲು ಎಂದು ಅದೇ ಫೈಲಿನಲ್ಲಿ ಅಲ್ಲಲ್ಲಿ ತಿದ್ದುತ್ತಲೇ ಹೋದೆ.

ಮುಂದಿನ ಮಳೆಗಾಲದಲ್ಲಿ ಒಂದು ಸಂಜೆ, ಕರೆಂಟ್ ಹೋಗಿ ಬಂದು ಮಾಡುತ್ತಿದ್ದಾಗ, ಯುಪಿಎಸ್ ನಂಬಿಕೊಂಡು ಅಪ್‌ಗ್ರೇಡ್ ಮಾಡಿ ಮುಗಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದು ನೋಡಿದರೆ ಎಲ್ಲವೂ ಮೊದಲಿನಂತೆಯೇ ಇತ್ತು. ನೆಮ್ಮದಿಯಿಂದ ಮನೆಗೆ ಹೋದೆ. ಮೂರನೆಯ ದಿನ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿ, "ತಮಾ, ನಿಂಗಳ ಪಟ್ಟಿಲಿ ಒತ್ತಕ್ಷರದ್ದೆಲ್ಲ ಕಾಲು ಕತ್ತರ್ಸಿ ಹೋಜಲೋ" ಎಂದರು. ನನ್ನ ಪರದೆಯ ಮೇಲೆ ಕಾಲುಗಳೆಲ್ಲ ಸರಿಯಾಗಿಯೇ ಇದ್ದವು. ಅವರ ಕಣ್ಣಿನ ತೊಂದರೆ ಇರಬಹುದೆಂದು ಒಂದು ಕ್ಷಣ ಅಂದುಕೊಂಡದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆಗಿದ್ದೇನೆಂದರೆ, ಬ್ರೌಸರ್ ಪ್ರತಿ ಸಲವೂ ಸ್ಟೈಲ್‌ಶೀಟನ್ನು ಸರ್ವರಿನಿಂದ ಹೊಸದಾಗಿ ತರುವುದಿಲ್ಲ. ಈ ಫೈಲನ್ನು ಇಷ್ಟು ಕಾಲ ಇಟ್ಟುಕೊಳ್ಳಬಹುದು ಎಂದು ಸರ್ವರ್ ಹೇಳಿದ್ದರೆ, ಆ ಅವಧಿ ಮುಗಿಯುವ ತನಕ ಬ್ರೌಸರ್ ತನ್ನ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಇರುವ ಪ್ರತಿಯನ್ನೇ ಬಳಸುತ್ತದೆ. ನಮ್ಮ ಸರ್ವರಿನಲ್ಲಿ ಅದು ಏಳು ದಿನಕ್ಕೆ ನಿಗದಿಯಾಗಿತ್ತು. ದಿನವೂ ಆ ತಾಣವನ್ನು ನೋಡುತ್ತಿದ್ದ ನನ್ನ ಯಂತ್ರದಲ್ಲಿ ಹಳೆಯ ಪ್ರತಿ ಉಳಿದಿತ್ತು. ತಿಂಗಳಿಗೊಮ್ಮೆ ಬರುತ್ತಿದ್ದ ಮೇಷ್ಟ್ರ ಮೊಬೈಲಿಗೆ ಮಾತ್ರ ಸರ್ವರಿನಲ್ಲಿ ನಿಜವಾಗಿ ಇದ್ದದ್ದು ಸಿಕ್ಕಿತು. ಅಂದರೆ ಹಾನಿ ಯಾರ ಜವಾಬ್ದಾರಿಯೋ ಅವನಿಗೇ ಅದು ಎಲ್ಲರಿಗಿಂತ ಕೊನೆಗೆ ಕಾಣುತ್ತದೆ. ತಂತ್ರಾಂಶ ಬರೆಯುವವರಲ್ಲಿ ಕೆಲವರು ಈ ಕಾರಣಕ್ಕೇ ಸ್ಟೈಲ್‌ಶೀಟಿನ ವಿಳಾಸದ ಕೊನೆಗೆ ಆವೃತ್ತಿ ಸಂಖ್ಯೆಯನ್ನು ಅಂಟಿಸುತ್ತಾರೆ. ಸಂಖ್ಯೆ ಬದಲಾದರೆ ಬ್ರೌಸರಿಗೆ ಅದು ಬೇರೆಯೇ ವಿಳಾಸವಾಗಿ ಕಂಡು ಹೊಸ ಪ್ರತಿಯನ್ನು ತರಿಸಿಕೊಳ್ಳುತ್ತದೆ.

ಬ್ಯಾಕಪ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು, ಪ್ರತಿ ರಾತ್ರಿ ತಪ್ಪದೆ ಆಗುತ್ತಿತ್ತು, ಆದರೆ ಡೇಟಾಬೇಸಿನದ್ದು ಮಾತ್ರ. ಪುಸ್ತಕಗಳ ವಿವರ, ಸದಸ್ಯರ ವಿವರ, ಯಾರು ಯಾವ ಪುಸ್ತಕ ಒಯ್ದಿದ್ದಾರೆ ಎಂಬುದೆಲ್ಲ ಡೇಟಾಬೇಸಿನಲ್ಲಿ ಇತ್ತು. ತಂತ್ರಾಂಶದ ಫೈಲುಗಳನ್ನು ಯಾವಾಗ ಬೇಕಾದರೂ ಮತ್ತೆ ಇಳಿಸಿಕೊಳ್ಳಬಹುದು, ಅದರ ಬ್ಯಾಕಪ್ ಏತಕ್ಕೆ ಎಂದು ನಾನೇ ಬಿಟ್ಟಿದ್ದೆ. ಇಳಿಸಿಕೊಳ್ಳಬಹುದಾದದ್ದು ಅವರು ಬರೆದ ಫೈಲು. ನಾನು ಅದರೊಳಗೆ ಬರೆದ ಸಾಲುಗಳು ಜಗತ್ತಿನಲ್ಲಿ ಆ ಒಂದೇ ಕಡೆ ಇದ್ದವು.

ಕೊನೆಗೆ ಅದನ್ನು ಉಳಿಸಿದ್ದು ಮೂರು ದಿನ ನನ್ನನ್ನು ಮೋಸಗೊಳಿಸಿದ್ದ ಕ್ಯಾಶೇ. ಬ್ರೌಸರನ್ನು ಆಫ್‌ಲೈನ್ ಮಾಡಿ, ಸಾಲದೆಂದು ನೆಟ್‌ವರ್ಕ್ ಕೇಬಲನ್ನೂ ಕಿತ್ತು, ಸ್ಟೈಲ್‌ಶೀಟಿನ ವಿಳಾಸವನ್ನು ನೇರವಾಗಿ ತೆರೆದೆ. ಹಳೆಯ ಪ್ರತಿ ತೆರೆದುಕೊಂಡಿತು. ಅದನ್ನು ನಕಲಿಸಿ ಪೆನ್‌ಡ್ರೈವಿಗೆ ಹಾಕಿಕೊಂಡ ಮೇಲೆಯೇ ಕೇಬಲ್ ಸಿಕ್ಕಿಸಿದ್ದು. ಅದಕ್ಕೂ ಮೊದಲು ಅಭ್ಯಾಸಬಲದಿಂದ ಕಂಟ್ರೋಲ್ ಮತ್ತು ಎಫ್5 ಒತ್ತಿಬಿಟ್ಟಿದ್ದರೆ ಆ ಪ್ರತಿಯೂ ಹೋಗುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಪ್‌ಗ್ರೇಡ್ ನನ್ನ ಕೆಲಸವನ್ನು ಅಳಿಸಿತು ಎಂದು ಆಗ ನಾನು ಎಲ್ಲರ ಬಳಿ ಹೇಳಿಕೊಂಡು ತಿರುಗಿದೆ. ಆ ದೂರು ನಿಲ್ಲುವಂಥದ್ದಲ್ಲ. ಏಕೆ ನಿಲ್ಲುವುದಿಲ್ಲ ಎಂಬುದನ್ನು ವಿವರಿಸಲು ನಮ್ಮ ಜಿಲ್ಲೆಯವರಿಗೆ ಬೇರೆಲ್ಲಿಗೂ ಹೋಗಬೇಕಿಲ್ಲ. ಅಡಿಕೆ ತೋಟ ಇರುವ ಪ್ರತಿ ಮನೆಯವರಿಗೂ ಮಾಲ್ಕಿ (ಸ್ವಂತ ಒಡೆತನದ) ಜಮೀನು ಎಂದರೇನು, ಸೊಪ್ಪಿನ ಬೆಟ್ಟ ಎಂದರೇನು ಎಂಬುದು ಗೊತ್ತು. ಬೆಟ್ಟದಲ್ಲಿ ಸೊಪ್ಪು ಕಡಿಯಬಹುದು, ದರಕು (ಒಣಗಿ ಉದುರಿದ ಎಲೆ) ಗುಡಿಸಿ ತರಬಹುದು, ಅದಕ್ಕೆ ಹಕ್ಕಿದೆ. ಬಳಸುವ ಹಕ್ಕು ತಲೆಮಾರುಗಳಿಂದ ನಮ್ಮದಾಗಿದ್ದರೂ ನೆಲ ಸರ್ಕಾರದ್ದು. ಅಲ್ಲಿ ಮನೆ ಕಟ್ಟಿದರೆ ಅದಕ್ಕೆ ಅತಿಕ್ರಮಣ ಎಂದೇ ಹೆಸರು, ಎಷ್ಟು ಚಂದ ಕಟ್ಟಿದರೂ ಅದು ನಾಳೆಯೂ ಇರುತ್ತದೆಂಬ ಭರವಸೆ ಇಲ್ಲ. ತಂತ್ರಾಂಶದ ಜೊತೆಗೆ ಬಂದ ಸ್ಟೈಲ್‌ಶೀಟ್ ನಮಗೆ ಸೊಪ್ಪಿನ ಬೆಟ್ಟವಿದ್ದ ಹಾಗೆ. ಸರ್ವರ್ ನಮ್ಮದು, ಲಾಗಿನ್ ನಮ್ಮದು, ಫೈಲನ್ನು ತಿದ್ದಲು ಯಾರೂ ಅಡ್ಡ ಬರುವುದಿಲ್ಲ. ಆದರೂ ಆ ಫೈಲಿನ ಮಾಲ್ಕಿ ಅದನ್ನು ಬರೆದು ಕಳಿಸುವವರದ್ದೇ, ಮುಂದಿನ ಆವೃತ್ತಿಯಲ್ಲಿ ಅವರು ಅದನ್ನು ಬದಲಾಯಿಸುವುದು ಅವರ ನೆಲದಲ್ಲಿ ಅವರು ಮಾಡುವ ಕೆಲಸ. ಈ ಹೋಲಿಕೆಯನ್ನು ಇನ್ನೂ ಮುಂದಕ್ಕೆ ಎಳೆದರೆ ಸಭೆಯಲ್ಲಿ ಬೇರೆಯೇ ಚರ್ಚೆ ಎದ್ದೀತು, ಇಲ್ಲಿಗೇ ಬಿಡುತ್ತೇನೆ.

ಮಾಲ್ಕಿಯ ಈ ಭೇದವನ್ನು ಅತ್ಯಂತ ಅಚ್ಚುಕಟ್ಟಾಗಿ ಪಾಲಿಸುವುದು ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ಅದರಲ್ಲಿ 'ಇಟಿಸಿ' ಎಂಬ ಫೋಲ್ಡರಿನೊಳಗಿನ ಸಂರಚನಾ ಫೈಲುಗಳು, ಅಂದರೆ ತಂತ್ರಾಂಶ ಹೇಗೆ ನಡೆಯಬೇಕೆಂದು ಹೇಳುವ ಫೈಲುಗಳು, ಬಳಕೆದಾರನ ಕೈ ಬೀಳುವಂಥವು ಎಂದು ಗುರುತಾಗಿರುತ್ತವೆ. ಅಂಥ ಪ್ರತಿ ಫೈಲಿಗೂ, ತಾನು ಹಿಂದಿನ ಸಲ ಕಳಿಸಿದ ಪ್ರತಿಯ ಬೆರಳಚ್ಚಿನಂಥ ಒಂದು ಮೊತ್ತವನ್ನು ಡಿಪಿಕೆಜಿ ಎಂಬ, ತಂತ್ರಾಂಶದ ಕಟ್ಟುಗಳನ್ನು (ಪ್ಯಾಕೇಜ್) ಯಂತ್ರಕ್ಕೆ ಹಾಕುವ ವ್ಯವಸ್ಥೆ ಬರೆದಿಟ್ಟುಕೊಳ್ಳುತ್ತದೆ. ಅಪ್‌ಗ್ರೇಡ್ ವೇಳೆ ಅದು ಮೂರನ್ನು ಪಕ್ಕದಲ್ಲಿಟ್ಟು ನೋಡುತ್ತದೆ: ಹಿಂದೆ ಕಳಿಸಿದ್ದು, ಈಗ ಯಂತ್ರದಲ್ಲಿ ಇರುವುದು, ಹೊಸದಾಗಿ ಬಂದಿರುವುದು. ನಾವು ಮುಟ್ಟಿಲ್ಲದಿದ್ದರೆ ಹೊಸದನ್ನು ಸದ್ದಿಲ್ಲದೆ ಹಾಕುತ್ತದೆ. ನಾವು ತಿದ್ದಿದ್ದೇವೆ, ಅವರು ಬದಲಿಸಿಲ್ಲ ಎಂದಾದರೆ ನಮ್ಮದನ್ನು ಹಾಗೆಯೇ ಬಿಡುತ್ತದೆ. ಇಬ್ಬರೂ ಬದಲಿಸಿದ್ದರೆ ಮಾತ್ರ ನಿಂತು, ಯಾವುದನ್ನು ಇಡಲಿ ಎಂದು ಕೇಳುತ್ತದೆ, ಬೇಕಿದ್ದರೆ ಎರಡರ ನಡುವಿನ ವ್ಯತ್ಯಾಸವನ್ನು ತೋರಿಸುತ್ತದೆ. ಉತ್ತರ ಕೊಡದೆ ಎಂಟರ್ ಒತ್ತಿದರೆ ನಮ್ಮ ಪ್ರತಿಯೇ ಉಳಿಯುತ್ತದೆ. ರೆಡ್‌ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಇದೇ ಕೆಲಸ ಮಾಡುವ ಆರ್‌ಪಿಎಂ ಹೀಗೆ ಕೇಳುತ್ತ ಕೂರುವುದಿಲ್ಲ. ಅದು ಪ್ಯಾಕೇಜಿನಲ್ಲಿ ಹೇಳಿದ್ದಂತೆ ಹೊಸ ಪ್ರತಿಯನ್ನು 'ಆರ್‌ಪಿಎಂನ್ಯೂ' ಎಂಬ ಬಾಲ ಹಚ್ಚಿ ಪಕ್ಕದಲ್ಲಿ ಇಡುತ್ತದೆ, ಇಲ್ಲವೇ ನಮ್ಮ ಪ್ರತಿಗೆ 'ಆರ್‌ಪಿಎಂಸೇವ್' ಎಂಬ ಬಾಲ ಹಚ್ಚಿ ಎತ್ತಿಡುತ್ತದೆ.

ಆದರೆ ಡೆಬಿಯನ್ನಿನ ಈ ಸೌಜನ್ಯ ಸಂರಚನಾ ಫೈಲುಗಳಿಗೆ ಮಾತ್ರ. ಸ್ಟೈಲ್‌ಶೀಟ್, ಚಿತ್ರ, ಪುಟದ ಅಚ್ಚು ಮುಂತಾದವು 'ಯುಎಸ್ಆರ್' ಫೋಲ್ಡರಿನ ಒಳಗೆ ಇರುತ್ತವೆ, ಅದನ್ನು ಪ್ಯಾಕೇಜಿನ ಸ್ವಂತ ನೆಲವೆಂದೇ ಗಣಿಸಲಾಗುತ್ತದೆ. ಅಲ್ಲಿ ಪ್ರಶ್ನೆಯಿಲ್ಲ, ಹೊಸದು ಬಂದು ಹಳೆಯದರ ಮೇಲೆ ಕೂರುತ್ತದೆ. ಎಲ್ಲಕ್ಕೂ ಕೇಳಿದರೇನು ಎಂದು ಅನ್ನಿಸಬಹುದು. ಒಂದು ದೊಡ್ಡ ತಂತ್ರಾಂಶದಲ್ಲಿ ಸಾವಿರಗಟ್ಟಲೆ ಫೈಲುಗಳಿರುತ್ತವೆ, ಅವು ಒಂದನ್ನೊಂದು ನಂಬಿಕೊಂಡಿರುತ್ತವೆ. ಪುಟದ ರಚನೆ ಹೊಸ ಆವೃತ್ತಿಯದ್ದು, ಸ್ಟೈಲ್‌ಶೀಟ್ ಮಾತ್ರ ಎರಡು ವರ್ಷ ಹಿಂದಿನದು ಎಂದಾದರೆ, ಪುಟ ಅಂದಗೆಡುವುದಿರಲಿ, ಗುಂಡಿಗಳೇ ಕಾಣದೆ ಹೋಗುತ್ತವೆ. ಹೀಗೆ ಅರ್ಧ ಹಳತು ಅರ್ಧ ಹೊಸತಾದ ಸ್ಥಿತಿಗಿಂತ ಪೂರ್ತಿ ಮೂಲ ಸ್ಥಿತಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಥೀಮ್, ಅಂದರೆ ತಾಣದ ರೂಪವನ್ನು ನಿರ್ಧರಿಸುವ ಫೈಲುಗಳ ಕಟ್ಟು, ಅಪ್‌ಡೇಟ್ ಆದಾಗ ಆ ಥೀಮಿನ ಹಳೆಯ ಫೋಲ್ಡರನ್ನೇ ತೆಗೆದು ಹೊಸ ಫೋಲ್ಡರನ್ನು ಇಡಲಾಗುತ್ತದೆ. ಆದ್ದರಿಂದ ಮೂಲ ಫೈಲನ್ನು ಮುಟ್ಟದೆ ಅದರ ಪಕ್ಕದಲ್ಲಿ ನಮ್ಮದೊಂದು ಹೊಸ ಫೈಲು ಮಾಡಿ ಇಟ್ಟವನ ಜಾಣತನವೂ ಕೆಲಸಕ್ಕೆ ಬರುವುದಿಲ್ಲ. 2020ರ ಆಗಸ್ಟಿನಲ್ಲಿ ಬಂದ 5.5ನೇ ಆವೃತ್ತಿಯಿಂದ ಥೀಮುಗಳು ತಾವಾಗಿಯೇ ಅಪ್‌ಡೇಟ್ ಆಗುವಂತೆ ನಿರ್ವಹಣಾ ಪುಟದಿಂದಲೇ ಹೇಳಿಬಿಡಬಹುದು. ಹಾಗೆ ಹೇಳಿಟ್ಟ ತಾಣದಲ್ಲಿ, ಫೈಲು ಹೋಗುವ ಕ್ಷಣದಲ್ಲಿ ಎದುರಿಗೆ ಯಾರೂ ಕೂತಿರುವುದೇ ಇಲ್ಲ.

ಹಾಗಾದರೆ ನಮ್ಮ ಸಾಲುಗಳನ್ನು ಎಲ್ಲಿ ಬರೆಯಬೇಕು? ಇದಕ್ಕೆ ಉತ್ತರ ಸಿಎಸ್ಎಸ್‌ನ ಹುಟ್ಟಿನಲ್ಲೇ ಇದೆ. ಹೋಕನ್ ವಿಯುಮ್ ಲೀ ಅವರು ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯಲ್ಲಿದ್ದಾಗ 1994ರ ಅಕ್ಟೋಬರ್ 10ರಂದು ಇದರ ಮೊದಲ ಪ್ರಸ್ತಾವವನ್ನು ಮುಂದಿಟ್ಟರು. ಮೊದಲ ಹಂತದ ಸಿಎಸ್ಎಸ್ 1996ರ ಡಿಸೆಂಬರಿನಲ್ಲಿ ಶಿಫಾರಸಾಗಿ ಹೊರಬಂತು. ಅದರ ಹೆಸರಿನ ಮೊದಲ ಪದ 'ಕ್ಯಾಸ್ಕೇಡಿಂಗ್', ಹಂತಹಂತವಾಗಿ ಕೆಳಕ್ಕೆ ಧುಮುಕುವ ಜಲಪಾತಕ್ಕೆ ಹೇಳುವ ಮಾತು. ಒಂದೇ ಪುಟದ ಮೇಲೆ ಬರೆದವನ ಇಚ್ಛೆಯೂ ಓದುವವನ ಇಚ್ಛೆಯೂ ಬೀಳಬಹುದು, ಎರಡೂ ತಾಕಿದಾಗ ಯಾವುದು ಗೆಲ್ಲಬೇಕು ಎಂಬುದಕ್ಕೆ ನಿಯಮ ಬೇಕು ಎಂಬ ಆಲೋಚನೆ ಅದರ ಬೇರಿನಲ್ಲಿತ್ತು. ಒಂದೇ ಪುಟಕ್ಕೆ ಹಲವು ಸ್ಟೈಲ್‌ಶೀಟ್‌ಗಳು, ಹಲವು ಒಡೆಯರು ಇರುತ್ತಾರೆಂದು ಮೊದಲೇ ಊಹಿಸಿ ಮಾಡಿದ ಭಾಷೆಯಿದು. ಅಂಥದ್ದರಲ್ಲಿ ನಾವು ಒಂದೇ ಫೈಲಿನೊಳಗೆ ಇಬ್ಬರ ಬರವಣಿಗೆಯನ್ನು ಕಲಸುತ್ತೇವೆ.

ನಿಯಮ ಸರಳವಾಗಿದೆ. ಒಂದೇ ಅಂಶದ ಬಗ್ಗೆ ಸಮಾನ ತೂಕದ ಎರಡು ಸೂಚನೆಗಳಿದ್ದರೆ ಕೊನೆಯಲ್ಲಿ ಬಂದದ್ದು ಗೆಲ್ಲುತ್ತದೆ. ಹೀಗಾಗಿ ತಂತ್ರಾಂಶದ ಸ್ಟೈಲ್‌ಶೀಟ್ ಮೊದಲು ಬಂದು, ನಮ್ಮ ಪುಟ್ಟ ಫೈಲು ಅದರ ನಂತರ ಬಂದರೆ ಸಾಕು. ಸಾವಿರಾರು ಸಾಲುಗಳಲ್ಲಿ ನಮಗೆ ಒಪ್ಪದ ಮೂವತ್ತನ್ನು ಮಾತ್ರ ಅದರಲ್ಲಿ ಮತ್ತೆ ಹೇಳಬೇಕು, ಉಳಿದದ್ದೆಲ್ಲ ಅವರದ್ದೇ ನಡೆಯುತ್ತದೆ. ತೂಕ ಸಮಾನವಾಗಿಲ್ಲದಿದ್ದರೆ ಮಾತ್ರ ಯೋಚಿಸಬೇಕು. ಅಂಶದ ಹೆಸರಿಗಿಂತ ಕ್ಲಾಸಿಗೆ (ಹಲವು ಅಂಶಗಳಿಗೆ ಒಟ್ಟಾಗಿ ಇಟ್ಟ ಗುಂಪಿನ ಹೆಸರು), ಕ್ಲಾಸಿಗಿಂತ ಐಡಿಗೆ (ಒಂದೇ ಅಂಶಕ್ಕೆ ಇಟ್ಟ ಹೆಸರು) ಹೆಚ್ಚು ತೂಕ. ಇಲ್ಲಿ ಬಹಳ ಜನ ತಾಳ್ಮೆಗೆಟ್ಟು ಪ್ರತಿ ಸಾಲಿಗೂ, ಇದೇ ಗೆಲ್ಲಬೇಕು ಎಂದು ಹೇಳುವ 'ಇಂಪಾರ್ಟೆಂಟ್' ಗುರುತನ್ನು ಹಚ್ಚುತ್ತಾರೆ. ಊಟದ ಎಲ್ಲ ಪದಾರ್ಥಕ್ಕೂ ಮೆಣಸು ಹಾಕಿದಂತೆ ಅದು. ಆಮೇಲೆ ನಿಜವಾಗಿ ಖಾರ ಬೇಕಾದ ಕಡೆ ಏನೂ ಉಳಿದಿರುವುದಿಲ್ಲ. 2022ರ ಆರಂಭದಿಂದ ಪ್ರಮುಖ ಬ್ರೌಸರುಗಳಲ್ಲಿ 'ಲೇಯರ್' (ಪದರ) ಎಂಬ ಸೌಲಭ್ಯ ಬಂದಿದೆ. ತಂತ್ರಾಂಶದವರು ತಮ್ಮ ನಿಯಮಗಳನ್ನು ಒಂದು ಲೇಯರಿನೊಳಗೆ ಇಟ್ಟರೆ, ಲೇಯರಿನ ಹೊರಗಿರುವ ನಮ್ಮ ಸಾಮಾನ್ಯ ಸಾಲು ತೂಕದ ಜಗಳವಿಲ್ಲದೆಯೇ ಗೆಲ್ಲುತ್ತದೆ. ತಂತ್ರಾಂಶ ತಯಾರಿಸುವವರು ಇದನ್ನು ಪಾಲಿಸಿದರೆ ನಮ್ಮಂಥವರ ಅರ್ಧ ಕಷ್ಟ ಕಳೆಯುತ್ತದೆ.

ಒಳ್ಳೆಯ ತಂತ್ರಾಂಶಗಳು ಇದಕ್ಕೆಂದೇ ಒಂದು ಜಾಗ ಬಿಟ್ಟುಕೊಟ್ಟಿರುತ್ತವೆ. ಇಲ್ಲಿ ಗ್ರಂಥಾಲಯದವರು ಹೆಚ್ಚಿರುವುದರಿಂದ ಕೋಹಾ ತಂತ್ರಾಂಶದ ಉದಾಹರಣೆ ಕೊಡುತ್ತೇನೆ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯ ಸಂಸ್ಥೆಗಾಗಿ 1999ರಲ್ಲಿ ಸಿದ್ಧವಾಗಿ 2000ದ ಜನವರಿಯಲ್ಲಿ ಕೆಲಸ ಆರಂಭಿಸಿದ ಮುಕ್ತ ತಂತ್ರಾಂಶವಿದು. ಹೆಸರಿಗೆ ಮಾವೊರಿ ಭಾಷೆಯಲ್ಲಿ ಕಾಣಿಕೆ ಎಂಬ ಅರ್ಥವಿದೆ. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ, ಹೊಸ ಆವೃತ್ತಿ ಬರುತ್ತದೆ. ಅಂದರೆ ಮೂಲ ಫೈಲಿನಲ್ಲಿ ಬರೆಯುವವನಿಗೆ ವರ್ಷಕ್ಕೆ ಎರಡು ಸಲ ಗಂಡಾಂತರ. ಅದರ ಸಿಸ್ಟಮ್ ಪ್ರಿಫರೆನ್ಸಸ್ ವಿಭಾಗದಲ್ಲಿ ಓದುಗರು ನೋಡುವ ಪುಟಗಳಿಗೆ 'ಓಪ್ಯಾಕ್‌ಯೂಸರ್‌ಸಿಎಸ್ಎಸ್' ಎಂಬ ಪೆಟ್ಟಿಗೆ ಇದೆ, ಸಿಬ್ಬಂದಿಯ ಪುಟಗಳಿಗೆ 'ಇಂಟ್ರಾನೆಟ್‌ಯೂಸರ್‌ಸಿಎಸ್ಎಸ್' ಇದೆ. ಅಲ್ಲಿ ಬರೆದ ಸಾಲುಗಳು ಡೇಟಾಬೇಸಿನಲ್ಲಿ ಉಳಿಯುತ್ತವೆ. ಹೀಗಾಗಿ ಅಪ್‌ಗ್ರೇಡ್ ಅವುಗಳನ್ನು ಮುಟ್ಟುವುದಿಲ್ಲ. ಇನ್ನೊಂದು ಲಾಭವೆಂದರೆ, ನಾವು ಪ್ರತಿ ರಾತ್ರಿ ತೆಗೆಯುವ ಡೇಟಾಬೇಸ್ ಬ್ಯಾಕಪ್ಪಿನೊಳಗೆ ಅವೂ ಸೇರಿಕೊಂಡಿರುತ್ತವೆ. ನಾನು ತಪ್ಪಿದ ಎರಡೂ ಕಡೆ ಇದು ಕೈ ಹಿಡಿಯುತ್ತದೆ. ವರ್ಡ್‌ಪ್ರೆಸ್‌ನಲ್ಲಿ 2016ರ ಡಿಸೆಂಬರಿನ 4.7ನೇ ಆವೃತ್ತಿಯಿಂದ 'ಅಡಿಷನಲ್ ಸಿಎಸ್ಎಸ್' ಎಂಬ ಇಂಥದ್ದೇ ಪೆಟ್ಟಿಗೆ ಬಂದಿದೆ, ಅದೂ ಡೇಟಾಬೇಸಿನಲ್ಲೇ ಉಳಿಯುತ್ತದೆ. ಆದರೆ ಅದು ಆಯಾ ಥೀಮಿಗೆ ಕಟ್ಟಿಕೊಂಡಿರುತ್ತದೆ, ಥೀಮ್ ಬದಲಾಯಿಸಿದರೆ ಪೆಟ್ಟಿಗೆ ಖಾಲಿ ಕಾಣುತ್ತದೆ. ಹೆಚ್ಚು ಕೆಲಸವಿದ್ದರೆ ಚೈಲ್ಡ್ ಥೀಮ್, ಅಂದರೆ ಇನ್ನೊಂದು ಥೀಮನ್ನು ಆಧರಿಸಿದ ಮರಿ ಥೀಮ್, ಮಾಡಿಕೊಳ್ಳಬೇಕು. ಬೇರೆ ಫೋಲ್ಡರ್, ಅದರ ಸ್ಟೈಲ್‌ಶೀಟಿನ ತಲೆಭಾಗದಲ್ಲಿ ತಾಯಿ ಥೀಮಿನ ಫೋಲ್ಡರ್ ಹೆಸರು ಹೇಳುವ ಒಂದು ಸಾಲು, ಕೆಳಗೆ ನಮ್ಮ ನಿಯಮಗಳು.

ಚೈಲ್ಡ್ ಥೀಮ್ ಮಾಡುವವರಲ್ಲಿ ಒಂದು ಕೆಟ್ಟ ಅಭ್ಯಾಸವನ್ನು ನೋಡಿದ್ದೇನೆ. ತಾಯಿ ಥೀಮಿನ ಸ್ಟೈಲ್‌ಶೀಟನ್ನು ಪೂರ್ತಿ ನಕಲಿಸಿ ಅದರಲ್ಲಿ ತಿದ್ದುತ್ತಾರೆ. ಫೈಲು ಉಳಿಯುತ್ತದೆ, ನಿಜ. ಆದರೆ ಮುಂದೆ ತಾಯಿ ಥೀಮಿನಲ್ಲಿ ಆದ ಸುಧಾರಣೆ ಯಾವುದೂ ಅವರ ಪುಟಕ್ಕೆ ತಲುಪುವುದಿಲ್ಲ, ಅವರದ್ದೇ ಹಳೆಯ ನಕಲು ಅದರ ಮೇಲೆ ಕೂತಿರುತ್ತದೆ.

ಉಳಿದುಕೊಂಡ ಫೈಲು ಕೆಲಸ ಮಾಡುತ್ತಲೇ ಇರುತ್ತದೆ ಎಂಬ ಖಾತರಿಯೂ ಇಲ್ಲ. ಸಿಎಸ್ಎಸ್ ನಿಯಮ ಯಾವುದೋ ಒಂದು ಕ್ಲಾಸಿನ ಹೆಸರು ಹಿಡಿದು ಮಾತನಾಡುತ್ತದೆ. ಹೊಸ ಆವೃತ್ತಿಯಲ್ಲಿ ಆ ಹೆಸರೇ ಹೋದರೆ ನಮ್ಮ ಸಾಲು, ಊರು ಬಿಟ್ಟವರ ವಿಳಾಸಕ್ಕೆ ಬರೆದ ಕಾಗದವಾಗುತ್ತದೆ, ದೋಷಸೂಚನೆಯೂ ಬರುವುದಿಲ್ಲ. ಹಲವು ತಂತ್ರಾಂಶಗಳಿಗೆ ತಳಪಾಯವಾಗಿರುವ ಬೂಟ್‌ಸ್ಟ್ರಾಪ್‌ನ 3ನೇ ಆವೃತ್ತಿಯಲ್ಲಿ 'ಪ್ಯಾನಲ್' ಎಂದು ಇದ್ದದ್ದು 2018ರ ಜನವರಿಯಲ್ಲಿ ಬಂದ 4ನೇ ಆವೃತ್ತಿಯಲ್ಲಿ ಹೋಗಿ ಅದರ ಜಾಗಕ್ಕೆ 'ಕಾರ್ಡ್' ಬಂತು. ಪ್ಯಾನಲ್ ಹೆಸರಿನಲ್ಲಿ ಬರೆದ ಎಷ್ಟು ಸಾಲುಗಳು ಇನ್ನೂ ಎಷ್ಟೋ ಫೈಲುಗಳಲ್ಲಿ ಸುಮ್ಮನೆ ಮಲಗಿವೆ. ಆದ್ದರಿಂದ ಅಪ್‌ಗ್ರೇಡ್ ಆದ ಮೇಲೆ ಫೈಲು ಇದೆಯೇ ಎಂದು ನೋಡಿದರೆ ಸಾಲದು, ಕ್ಯಾಶ್ ಇಲ್ಲದ ಖಾಸಗಿ ಕಿಟಕಿಯಲ್ಲಿ, ಸಾಧ್ಯವಾದರೆ ಇನ್ನೊಬ್ಬರ ಮೊಬೈಲಿನಲ್ಲಿ, ಪುಟವನ್ನೇ ತೆರೆದು ನೋಡಬೇಕು. ನಾನು ಇದಕ್ಕಾಗಿ 'ಸ್ವಾತಂತ್ರ್ಯ' ಎಂಬ ಪದವನ್ನು ಹುಡುಕಿ ಫಲಿತಾಂಶದ ಪುಟವನ್ನು ಪರೀಕ್ಷಿಸುತ್ತೇನೆ. ಒತ್ತಕ್ಷರ ಪೂರ್ತಿ ಕಂಡರೆ ಉಳಿದದ್ದೂ ಬಹುಮಟ್ಟಿಗೆ ಸರಿಯಿರುತ್ತದೆ.

ಒಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ವಿನ್ಯಾಸ ಹಾಳಾದೀತೆಂಬ ಭಯದಿಂದ ಅಪ್‌ಗ್ರೇಡನ್ನೇ ಮಾಡದೆ ಕೂತಿರುವ ಜಾಲತಾಣಗಳು ನಮ್ಮ ಸುತ್ತ ಕಡಿಮೆಯಿಲ್ಲ. ತಾಣ ಮಾಡಿಕೊಟ್ಟವರು ಮೂಲ ಫೈಲುಗಳನ್ನೇ ತಿದ್ದಿ, ಎಲ್ಲಿ ತಿದ್ದಿದ್ದೇವೆಂದು ಒಂದು ಚೀಟಿಯನ್ನೂ ಕೊಡದೆ ಹೋಗಿರುತ್ತಾರೆ. 'ಅಪ್‌ಡೇಟ್ ಒತ್ತಬೇಡಿ' ಎಂಬುದಷ್ಟೇ ಅವರು ಬಿಟ್ಟುಹೋದ ಉಪದೇಶ. ಹೊಸ ಆವೃತ್ತಿಗಳಲ್ಲಿ ಬರುವುದು ಬರೀ ಅಲಂಕಾರವಲ್ಲ, ಭದ್ರತೆಯ ತೂತುಗಳಿಗೆ ಹಾಕಿದ ತೇಪೆಗಳೂ ಅದರಲ್ಲಿ ಇರುತ್ತವೆ. ಬಾಗಿಲಿನ ಬಣ್ಣ ಕೆರೆದೀತೆಂದು ಬೀಗ ಬದಲಾಯಿಸದವರ ಕಥೆಯಿದು. ತಾಣ ಮಾಡಿಸುವಾಗಲೇ, ನಮ್ಮ ಬದಲಾವಣೆಗಳು ಯಾವ ಫೈಲಿನಲ್ಲಿವೆ ಎಂಬುದನ್ನು ಬರೆದು ಕೊಡುವಂತೆ ಕೇಳಿ, ಕೊಡದಿದ್ದರೆ ಕೊನೆಯ ಕಂತಿನ ಹಣ ತಡೆಹಿಡಿಯಿರಿ.

ಮಾತು ಮುಗಿಸುವ ಮೊದಲು, ಕಾರವಾರದಿಂದ ಬಂದ ಸೋದರಿಯೊಬ್ಬರು ಚಹಾದ ವೇಳೆ ಕೇಳಿದ ಪ್ರಶ್ನೆಗೆ ಉತ್ತರಿಸುತ್ತೇನೆ. "ನಾವು ಈಗಾಗಲೇ ಮೂಲ ಫೈಲಿನಲ್ಲೇ ಮೂರು ವರ್ಷದಿಂದ ತಿದ್ದುತ್ತಿದ್ದೇವೆ, ಏನೇನು ತಿದ್ದಿದ್ದೇವೆಂದು ನೆನಪಿಲ್ಲ, ಈಗ ಬಿಡಿಸಿಕೊಳ್ಳುವುದು ಹೇಗೆ?" ಎಂದು ಅವರು ಕೇಳಿದರು. ನೆನಪಿಸಿಕೊಳ್ಳುವ ಅಗತ್ಯವಿಲ್ಲ. ನಿಮ್ಮ ಈಗಿನ ಫೈಲನ್ನು ಒಂದು ಕಡೆ ನಕಲಿಸಿ ಇಡಿ. ನೀವು ಬಳಸುತ್ತಿರುವ ಆವೃತ್ತಿಯ, ಸರಿಯಾಗಿ ಅದೇ ಸಂಖ್ಯೆಯ, ಮೂಲ ತಂತ್ರಾಂಶವನ್ನು ಇನ್ನೊಂದು ಫೋಲ್ಡರಿಗೆ ಇಳಿಸಿಕೊಳ್ಳಿ. ಎರಡನ್ನೂ 'ಡಿಫ್' ಎಂಬ ಸಾಧನಕ್ಕೆ ಕೊಡಿ. 1974ರ ಐದನೇ ಯುನಿಕ್ಸ್ ಆವೃತ್ತಿಯೊಂದಿಗೆ ಬಂದ ಈ ಹಳೆಯ ಸಾಧನ ಇವತ್ತಿಗೂ ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲಿ ಇದೆ. ಎರಡರ ನಡುವೆ ಬೇರೆಯಾಗಿರುವ ಸಾಲುಗಳನ್ನಷ್ಟೇ ಅದು ತೋರಿಸುತ್ತದೆ, ಅವೇ ನಿಮ್ಮ ಮೂರು ವರ್ಷದ ಕೆಲಸ. ನಾನು ಕ್ಯಾಶ್‌ನಿಂದ ಉಳಿಸಿಕೊಂಡ ಫೈಲನ್ನು ಹೀಗೆ ನೋಡಿದಾಗ, ಮಹಾ ಎಂದುಕೊಂಡಿದ್ದ ನನ್ನ ತಿದ್ದುಪಡಿ ಒಟ್ಟು 31 ಸಾಲು ಇತ್ತು, ಅದರಲ್ಲಿ ಆರು ಸಾಲು ಒಂದನ್ನೊಂದು ರದ್ದು ಮಾಡುತ್ತಿದ್ದವು.

ಆ ಸಾಲುಗಳನ್ನು, ಅವು ಯಾವ ಕ್ಲಾಸಿಗೆ ಸೇರಿದ್ದವೋ ಅದರ ಹೆಸರಿನ ಸಮೇತ, ನಿಮ್ಮ ತಂತ್ರಾಂಶ ಬಿಟ್ಟುಕೊಟ್ಟಿರುವ ಪೆಟ್ಟಿಗೆಗೆ ಅಥವಾ ಬೇರೆ ಫೈಲಿಗೆ ಸಾಗಿಸಿ. ಪ್ರತಿಯೊಂದರ ಮೇಲೂ ಏಕೆ ಬರೆದದ್ದು ಎಂದು ಕನ್ನಡದಲ್ಲೇ ಒಂದು ಟಿಪ್ಪಣಿ ಹಾಕಿ. ಫೈಲಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಸಾಧನವನ್ನು ಬಳಸಲು ಬರುವವರು ಆ ಫೈಲಿನ ಪ್ರತಿಯನ್ನು ಗಿಟ್‌ನಲ್ಲಿ ಇಡಿ, ಬಾರದವರು ದಿನಾಂಕ ಹಾಕಿ ಇಮೇಲಿನಲ್ಲಿ ನಿಮಗೆ ನೀವೇ ಕಳಿಸಿಕೊಂಡರೂ ನಡೆಯುತ್ತದೆ. ಆಮೇಲೆ, ಅಪ್‌ಗ್ರೇಡಿಗಾಗಿ ಕಾಯದೆ, ಇಳಿಸಿಕೊಂಡ ಮೂಲ ಸ್ಟೈಲ್‌ಶೀಟನ್ನು ನೀವೇ ತಂದು ಸರ್ವರಿನಲ್ಲಿರುವುದರ ಮೇಲೆ ಹಾಕಿ. ಪುಟ ಬದಲಾಗದೆ ನಿಂತರೆ ಸಾಗಾಟ ಪೂರ್ತಿಯಾಗಿದೆ. ಎಲ್ಲೋ ಕೆಟ್ಟರೆ ಪಕ್ಕದಲ್ಲಿಟ್ಟ ನಕಲು ಕೈಯಲ್ಲೇ ಇದೆ, ಬಿಟ್ಟುಹೋದ ಸಾಲನ್ನು ಅದರಲ್ಲಿ ಹುಡುಕಿ ಮತ್ತೆ ಪ್ರಯತ್ನಿಸಿ. ಗ್ರಂಥಾಲಯಕ್ಕೆ ರಜೆಯಿರುವ ದಿನ ಬೆಳಗ್ಗೆ ಕೂತರೆ ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ, ಕರೆಂಟ್ ಇದ್ದರೆ.